ಬಾಯಿಯಿಂದ ಮದ್ದು ತುಂಬುವ ರೈಫಲ್: ಆ್ಯಕ್ಷನ್, ಬೆಡ್ಡಿಂಗ್ ಮತ್ತು ಗುರಿ – ಪದೇ ಪದೇ ಕೇಳುವ ಪ್ರಶ್ನೆಗಳು

ಗುಂಡು ಗುರಿ ಬಿಟ್ಟು ಹೋದರೆ ಮಜಲ್‌ಲೋಡರ್ (ನಳಿಗೆಯ ಬಾಯಿಯಿಂದ ಮದ್ದು, ಗುಂಡು ತುಂಬುವ ಕೋವಿ) ಹಿಡಿದವರ ಮೊದಲ ಅನುಮಾನ ಮದ್ದಿನ ಮೇಲೆ, ಎರಡನೆಯದು ಕೋವಿಯ ಮರದ ಮೇಲೆ. ಇನ್ನು ಕೆಲವರು ಸೀದಾ ಆ್ಯಕ್ಷನ್ನನ್ನೇ, ಅಂದರೆ ನಳಿಗೆಯ ಹಿಂದಿರುವ ಹೊಡೆಯುವ ಯಂತ್ರವನ್ನೇ, ದೂರುತ್ತಾರೆ. ಮೂರರಲ್ಲೂ ಒಂದಿಷ್ಟು ನಿಜವಿದೆ. ಆದರೆ ತೋಟಾ ಹಾಕುವ ಆಧುನಿಕ ರೈಫಲ್ಲಿನ ಲೆಕ್ಕಾಚಾರವನ್ನು ಹಾಗೇ ಎತ್ತಿ ಇಲ್ಲಿಗೆ ತಂದರೆ ದಾರಿ ತಪ್ಪುತ್ತದೆ. ಇಲ್ಲಿ ಆ್ಯಕ್ಷನ್ನಿಗಿರುವ ಮುಖ್ಯ ಕೆಲಸ ಮದ್ದಿಗೆ ಬೆಂಕಿ ಮುಟ್ಟಿಸುವುದು. ಬೆಡ್ಡಿಂಗ್ ಎಂದರೆ ಕಬ್ಬಿಣದ ಭಾಗವನ್ನು ಮರದಲ್ಲಿ ಸರಿಯಾಗಿ ಕೂರಿಸುವುದು; ಅದಕ್ಕಿರುವ ಕೆಲಸ ನಳಿಗೆಯ ಹಿಂತುದಿ ಪ್ರತಿ ಹೊಡೆತದ ನಂತರವೂ ಅದೇ ಜಾಗದಲ್ಲಿ, ಅದೇ ಬಿಗಿಯಲ್ಲಿ ಕೂರುವಂತೆ ನೋಡಿಕೊಳ್ಳುವುದು. ಕೆಳಗಿನ ಉತ್ತರಗಳೆಲ್ಲ ಹೆಚ್ಚುಕಡಿಮೆ ಇವೆರಡರ ಸುತ್ತಲೇ ಸುತ್ತುತ್ತವೆ.

ಆ್ಯಕ್ಷನ್ ಗಟ್ಟಿಯಿದ್ದಷ್ಟೂ ಗುರಿ ಚೆನ್ನಾಗಿರುತ್ತದೆ ಅನ್ನುತ್ತಾರಲ್ಲ, ಅದು ಇಲ್ಲಿಗೂ ಅನ್ವಯಿಸುತ್ತದೆಯೇ?

ಅರ್ಧ ಮಾತ್ರ. ತೋಟಾ ರೈಫಲ್ಲಿನಲ್ಲಿ ಸ್ಫೋಟದ ಒತ್ತಡವನ್ನೆಲ್ಲ ಬೋಲ್ಟು (ಹಿಂಬದಿ ಮುಚ್ಚುವ ಅಗುಳಿ) ಮತ್ತು ಅದನ್ನು ಕಚ್ಚಿ ಹಿಡಿಯುವ ಲಗ್ಗುಗಳು ತಡೆಯಬೇಕು. ಲಗ್ಗುಗಳು ಎರಡೂ ಕಡೆ ಸಮನಾಗಿ ಕೂರದಿದ್ದರೆ ಆ್ಯಕ್ಷನ್ ಒಂದು ಪಕ್ಕಕ್ಕೆ ಸೆಟೆಯುತ್ತದೆ, ಗುಂಡು ಚೆದುರುತ್ತದೆ. ಮಜಲ್‌ಲೋಡರಿನಲ್ಲಿ ಆ ಒತ್ತಡವನ್ನು ಹೊರುವುದು ನಳಿಗೆಯ ಹಿಂಬದಿಗೆ ತಿರುಪಿನಿಂದ ಬಿಗಿದ ಬಿರಡೆ, ಅಂದರೆ ಬ್ರೀಚ್ ಪ್ಲಗ್. ಅದು ನಳಿಗೆಯದೇ ಭಾಗ. ಆದ್ದರಿಂದ ಹಿಂದೆ ಇರುವುದು ಬೋಲ್ಟೋ, ಮುರಿಯುವ (ನಡುವೆ ಮಡಚಿ ತೆರೆಯುವ) ಆ್ಯಕ್ಷನ್ನೋ, ಪಕ್ಕದಲ್ಲಿ ಕುದುರೆ (ಬಡಿಯುವ ಸುತ್ತಿಗೆ) ಇರುವ ಹಳೇ ಲಾಕೋ ಅನ್ನುವುದು ಬಲದ ವಿಷಯದಲ್ಲಿ ಅಷ್ಟು ಮುಖ್ಯವಲ್ಲ. ಮುಖ್ಯವಾಗುವುದು ಬೇರೆ ಮೂರು ಕಡೆ: ಟ್ರಿಗರ್ ಎಳೆದ ಮೇಲೆ ಮದ್ದು ಹೊತ್ತಿಕೊಳ್ಳಲು ಹಿಡಿಯುವ ಹೊತ್ತು, ಆ ಬೆಂಕಿ ಪ್ರತಿ ಸಲವೂ ಒಂದೇ ಥರ ಇರುತ್ತದೆಯೇ ಎನ್ನುವುದು, ಮತ್ತು ಆ್ಯಕ್ಷನ್ ಮರಕ್ಕೆ ಅಂಟಿಕೊಳ್ಳುವ ಬಗೆ.

ಇದಕ್ಕೆ ಇತಿಹಾಸದ ಒಂದು ಸಾಕ್ಷಿಯಿದೆ. 1874ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಕ್ರೀಡ್‌ಮೂರ್ ಮೈದಾನದಲ್ಲಿ ಐರ್ಲೆಂಡ್ ಮತ್ತು ಅಮೆರಿಕ ತಂಡಗಳ ನಡುವೆ 800, 900, 1000 ಗಜಗಳ ಸ್ಪರ್ಧೆ ನಡೆಯಿತು. ಅಮೆರಿಕದವರ ಕೈಯಲ್ಲಿ ಹಿಂಬದಿಯಿಂದ ತುಂಬುವ ಶಾರ್ಪ್ಸ್ ಮತ್ತು ರೆಮಿಂಗ್ಟನ್, ಐರಿಷರ ಕೈಯಲ್ಲಿ ಬಾಯಿಯಿಂದ ತುಂಬುವ ರಿಗ್ಬಿ. ಫಲಿತಾಂಶ 934ಕ್ಕೆ 931. ಐರಿಷ್ ತಂಡದ ಮಿಲ್ನರ್ ಹೊಡೆದ ಒಂದು ಒಳ್ಳೆಯ ಗುಂಡು ಪಕ್ಕದವರ ಗುರಿಹಲಗೆಗೆ ಬಿದ್ದು ಸೊನ್ನೆಯಾಯಿತು. ಇಲ್ಲದಿದ್ದರೆ ಗೆಲುವು ಅವರದೇ. ಆ್ಯಕ್ಷನ್ನಿನ ಗಟ್ಟಿತನವೇ ಗುರಿಯನ್ನು ತೀರ್ಮಾನಿಸುವುದಾಗಿದ್ದರೆ ಅಂತರ ಮೂರೇ ಅಂಕಕ್ಕೆ ನಿಲ್ಲುತ್ತಿರಲಿಲ್ಲ.

ಹಾಗಾದರೆ ಮಜಲ್‌ಲೋಡರಿಗೆ ಬೆಡ್ಡಿಂಗ್ ಬೇಡವೇ?

ಬೇಕು. ಒಂದು ಅರ್ಥದಲ್ಲಿ ತೋಟಾ ರೈಫಲ್ಲಿಗಿಂತ ಇದಕ್ಕೇ ಹೆಚ್ಚು ಬೇಕು. ಒಂದು ಲೆಕ್ಕ ಹಾಕಿ ನೋಡೋಣ. ನಾಲ್ಕು ಕಿಲೋ ತೂಗುವ ದೂರಗುರಿಯ ರೈಫಲ್, 81 ಸೆಂಟಿಮೀಟರ್ ನಳಿಗೆ, 32 ಗ್ರಾಂ ಸೀಸದ ಗುಂಡು. ಗುಂಡು ಮುಂದಕ್ಕೆ ಹೋಗುವಾಗ ಕೋವಿ ಹಿಂದಕ್ಕೆ ಒದೆಯುತ್ತದೆ, ಆದರೆ ಆ ಒದೆತ ಗುಂಡು ಹೊರಬಿದ್ದ ಮೇಲೆ ಶುರುವಾಗುವುದಲ್ಲ, ಅದು ಕದಲಿದ ಕ್ಷಣದಿಂದಲೇ ಶುರು. ತೂಕಗಳ ಅನುಪಾತ ಹಿಡಿದರೆ ಗುಂಡು ಬಾಯಿ ತಲುಪುವ ಹೊತ್ತಿಗೆ ಕೋವಿ ಸುಮಾರು 7 ಮಿಲಿಮೀಟರ್ ಹಿಂದೆ ಸರಿದಿರುತ್ತದೆ. ಅದೇ ತೂಕದ ಆಧುನಿಕ .308 ರೈಫಲ್ಲಿನಲ್ಲಿ ಇದು ಎರಡು ಮಿಲಿಮೀಟರ್ ದಾಟುವುದಿಲ್ಲ. ಮೇಲಾಗಿ ಕಪ್ಪು ಮದ್ದಿನ ಗುಂಡು ನಳಿಗೆಯೊಳಗೆ ಕಳೆಯುವ ಸಮಯ ಸುಮಾರು ಎರಡೂವರೆ ಪಟ್ಟು ಹೆಚ್ಚು.

ಅಂದರೆ ಗುಂಡು ಇನ್ನೂ ಒಳಗಿರುವಾಗಲೇ ಕಬ್ಬಿಣ ಮರವನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ, ಮೂತಿ ಮೇಲಕ್ಕೆ ಏಳುತ್ತಿರುತ್ತದೆ. ಆಗ ನಳಿಗೆಯ ಹಿಂತುದಿ ಮರದೊಳಗೆ ಒಂದು ಸಲ ಎಡಕ್ಕೆ ಒರಗಿ, ಇನ್ನೊಂದು ಸಲ ಬಲಕ್ಕೆ ಒರಗಿ ಕೂತರೆ ಪ್ರತಿ ಗುಂಡಿಗೂ ಬೇರೆ ದಾರಿ. ಭುಜಕ್ಕೆ ಒತ್ತಿ ಹಿಡಿಯುವ ಬಿಗಿ ಬದಲಾದರೂ ಇದೇ ಕಥೆ.

ಬೆಡ್ಡಿಂಗ್ ಎಲ್ಲಿ ಮುಖ್ಯ? ನಳಿಗೆಯ ಉದ್ದಕ್ಕೂ ಮಾಡಿಸಬೇಕೇ?

ಹಿಂತುದಿಯ ಒಂದು ಗೇಣಿನಲ್ಲಿ ಮುಕ್ಕಾಲು ಪಾಲು ಕೆಲಸ ಮುಗಿಯುತ್ತದೆ. ನೋಡಬೇಕಾದ್ದು ಮೂರು ಜಾಗ: ಬ್ರೀಚಿನ (ನಳಿಗೆಯ ಹಿಂತುದಿಯ) ಹಿಂಬದಿಯ ನೇರ ಮುಖ ಮರಕ್ಕೆ ಪೂರ್ತಿ ತಾಗಬೇಕು, ಏಕೆಂದರೆ ಒದೆತವನ್ನು ಮರಕ್ಕೆ ದಾಟಿಸುವುದು ಅದೇ. ಬ್ರೀಚಿನ ತಳ ಅಲುಗಾಡದೆ ಕೂರಬೇಕು. ಹಿಂದಕ್ಕೆ ಚಾಚಿದ ಟ್ಯಾಂಗ್ ಪಟ್ಟಿ ಸಹಜವಾಗಿ ಮರದ ಮೇಲೆ ಮಲಗಿರಬೇಕು, ಸ್ಕ್ರೂ ಬಿಗಿದು ಅದನ್ನು ಬಗ್ಗಿಸಿರಬಾರದು.

ಪರೀಕ್ಷೆ ಸುಲಭ. ಮೊದಲು ಕೋವಿ ಖಾಲಿ ಇದೆಯೇ ನೋಡಿ. ನೋಡುವುದೆಂದರೆ ಗಜವನ್ನು (ಮದ್ದು, ಗುಂಡು ಜಡಿಯುವ ಕೋಲು) ನಳಿಗೆಯೊಳಗೆ ಇಳಿಸಿ, ಅದು ಬ್ರೀಚಿನವರೆಗೂ ಹೋಗುತ್ತದೆಯೇ ಎಂದು ಹೊರಗಿನಿಂದ ಅಳೆದು ಖಚಿತ ಮಾಡಿಕೊಳ್ಳುವುದು. ಕೇಪು (ಕಿಡಿ ಕೊಡುವ ಪುಟ್ಟ ಟೋಪಿ) ಇಲ್ಲ ಎಂದ ಮಾತ್ರಕ್ಕೆ ಒಳಗೆ ಮದ್ದಿಲ್ಲ ಎಂದು ಅರ್ಥವಲ್ಲ. ಆಮೇಲೆ ನಳಿಗೆಯನ್ನು ಮರಕ್ಕೆ ಹಿಡಿದಿಡುವ ಮುಂದಿನ ಬೆಣೆ ಅಥವಾ ಬಳೆಗಳನ್ನು ಬಿಗಿಯಾಗಿಯೇ ಬಿಟ್ಟು, ಟ್ಯಾಂಗಿನ ಸ್ಕ್ರೂ ನಿಧಾನ ಸಡಿಲಿಸಿ. ಒಂದು ಬೆರಳನ್ನು ಟ್ಯಾಂಗಿಗೂ ಮರಕ್ಕೂ ಸೇರುವಂತೆ ಇಟ್ಟುಕೊಂಡಿದ್ದರೆ ಕಬ್ಬಿಣ ಮೇಲಕ್ಕೆ ಪುಟಿಯುವುದು ಬೆರಳಿಗೇ ತಿಳಿಯುತ್ತದೆ. ಪುಟಿದರೆ ಅಷ್ಟು ದಿನ ಸ್ಕ್ರೂ ನಳಿಗೆಯನ್ನು ಬಿಲ್ಲಿನಂತೆ ಬಗ್ಗಿಸಿ ಹಿಡಿದಿತ್ತು ಎಂದರ್ಥ.

ಎಪಾಕ್ಸಿ ಹಾಕುವುದೋ, ಮರವನ್ನೇ ಕೆತ್ತಿ ಕೂರಿಸುವುದೋ?

ಒಳ್ಳೆಯ ಆಕ್ರೋಡು ಮರ, ಒಳ್ಳೆಯ ಕೈ ಎರಡೂ ಇದ್ದರೆ ಮರದ ಮೇಲೆ ಕಬ್ಬಿಣ ಕೂರಿಸಿದ್ದಕ್ಕಿಂತ ಚಂದದ್ದು ಬೇರೆ ಇಲ್ಲ. ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಬ್ರೀಚಿಗೆ ತೆಳ್ಳಗೆ ಸವರಿ, ಮರದಲ್ಲಿ ಕೂರಿಸಿ, ಎತ್ತಿ ನೋಡಿದರೆ ಎಲ್ಲೆಲ್ಲಿ ಕಪ್ಪು ಹತ್ತಿದೆಯೋ ಅದು ಎತ್ತರದ ಜಾಗ. ಅಲ್ಲಷ್ಟೇ ಉಳಿಯ ಅಂಚಿನಿಂದ ಹೆರೆಯುವುದು, ಮತ್ತೆ ಸವರುವುದು, ಮತ್ತೆ ಕೂರಿಸುವುದು. ಮೊದಮೊದಲು ಅಲ್ಲೊಂದು ಇಲ್ಲೊಂದು ಚುಕ್ಕೆ ಕಾಣುತ್ತದೆ. ಕೊನೆಗೆ ಇಡೀ ತಳ ಸಮನಾಗಿ ಮಸಿಹಿಡಿದಂತೆ ಕಾಣುವವರೆಗೆ ಬಿಡುವಂತಿಲ್ಲ. ಸಮಯ ತಿನ್ನುವ ಕೆಲಸ. ನಡುವೆ ತಾಳ್ಮೆ ಕೆಟ್ಟು ಒಂದು ಎಳೆ ಜಾಸ್ತಿ ಹೆರೆದರೆ ಅದನ್ನು ವಾಪಸು ಅಂಟಿಸಲಾಗದು.

ಎಪಾಕ್ಸಿ ಹಾಗಲ್ಲ. ಕಾರ್ಖಾನೆಯಲ್ಲಿ ಯಂತ್ರದಿಂದ ಸಡಿಲವಾಗಿ ಕೊರೆದ ಮರಕ್ಕೆ, ತೇವಕ್ಕೆ ಉಬ್ಬುವ ಮರಕ್ಕೆ ಅದೇ ಸರಿ. ಕಬ್ಬಿಣಕ್ಕೆ ಬಣ್ಣವಿಲ್ಲದ ಬೂಟ್ ಪಾಲಿಶ್ ಅಥವಾ ಮೇಣವನ್ನು ಎರಡು ಪದರ ಸವರದೆ ಎಪಾಕ್ಸಿ ಹಾಕಿದರೆ ಮಾತ್ರ ಕೋವಿಯೂ ಮರವೂ ಜನ್ಮಕ್ಕೆ ಒಂದಾಗಿಬಿಡುತ್ತವೆ. ಸ್ಕ್ರೂ ರಂಧ್ರ, ಬೆಣೆಯ ತೂತು, ಬ್ರೀಚಿನ ಕೊಕ್ಕೆ ಇವುಗಳಿಗೆಲ್ಲ ಜೇಡಿ ತುಂಬಿ ಮುಚ್ಚಬೇಕು. ಎಪಾಕ್ಸಿ ಒಣಗುವಾಗ ಸ್ಕ್ರೂಗಳನ್ನು ಪೂರ್ತಿ ಬಿಗಿಯಬಾರದು, ಕಬ್ಬಿಣ ತನ್ನ ತೂಕಕ್ಕೇ ಮಲಗಬೇಕು. ಬಿಗಿದರೆ ಹಳೆಯ ಬಾಗನ್ನೇ ಅಚ್ಚುಹಾಕಿದಂತೆ.

ಸ್ಪರ್ಧೆಗೆ ಇಳಿಯುವವರು ಮೊದಲು ನಿಯಮಪುಸ್ತಕ ಓದಿ. ಹಳೇ ಮಾದರಿಯ ವಿಭಾಗಗಳಲ್ಲಿ ಆಧುನಿಕ ಬೆಡ್ಡಿಂಗ್ ಒಪ್ಪುವುದು ಬಿಡುವುದು ಆಯಾ ಸಂಘಟನೆಗೆ ಬಿಟ್ಟದ್ದು. ಹಳೆಯ ಅಸಲಿ ಕೋವಿಗೆ ಎಪಾಕ್ಸಿ ಸುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದು ಬೇರೆ ವಿಷಯ.

ಕೊಕ್ಕೆ ಬ್ರೀಚಿನ ಕೋವಿಗಳಲ್ಲಿ ಗುರಿ ಎರಡು ಗುಂಪಾಗಿ ಬೀಳುತ್ತದೆ ಏಕೆ?

ಹಾಕನ್ ಮಾದರಿಯ ಹಳೇ ಅಮೆರಿಕನ್ ರೈಫಲ್ಲುಗಳಲ್ಲಿ (ಇವುಗಳ ಮರ ನಳಿಗೆಯ ಅರ್ಧಕ್ಕೇ ನಿಲ್ಲುತ್ತದೆ) ಟ್ಯಾಂಗ್ ಮರಕ್ಕೆ ಕಚ್ಚಿಕೊಂಡೇ ಇರುತ್ತದೆ. ನಳಿಗೆಯ ಹಿಂದಿನ ಕೊಕ್ಕೆ ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಮುಂದೆ ಒಂದೆರಡು ಬೆಣೆ. ತೊಳೆಯಲು ನಳಿಗೆ ಬಿಚ್ಚುವುದು ಸುಲಭವಾಗಲಿ ಎಂದು ಈ ಏರ್ಪಾಡು. ತೊಂದರೆಯೂ ಅಲ್ಲೇ. ಕೊಕ್ಕೆ ಸಡಿಲವಿದ್ದರೆ ನಳಿಗೆಗೆ ನೆಲೆ ಎರಡು: ಒಂದು ಬೆಣೆ ಹೊಡೆದಾಗ ಕೂತದ್ದು, ಇನ್ನೊಂದು ಒದೆತಕ್ಕೆ ಸರಿದು ಕೂತದ್ದು. ಗುರಿಹಲಗೆಯ ಮೇಲೆ ಎರಡು ಗುಂಪು ಕಂಡರೆ ಮೊದಲು ಕೊಕ್ಕೆಯನ್ನೇ ಹಿಡಿಯಿರಿ. ಕೊಕ್ಕೆಗೂ ಟ್ಯಾಂಗಿಗೂ ನಡುವೆ ಆಟವಿಲ್ಲದಂತೆ ಮಾಡಿಸಿ, ಬ್ರೀಚಿನ ತಳಕ್ಕೆ ಬೆಡ್ಡಿಂಗ್ ಕೊಟ್ಟರೆ ಬಹುಪಾಲು ಸರಿಹೋಗುತ್ತದೆ. ಬೆಣೆಯನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವ ಅಭ್ಯಾಸ ಬಿಡಿ. ಹೆಬ್ಬೆರಳಿನ ಒತ್ತಿಗೆ ಹೋಗಿ ನಿಲ್ಲುವಷ್ಟು ಬಿಗಿ ಸಾಕು.

ಉದ್ದ ಮರದ ಪೆನ್ಸಿಲ್ವೇನಿಯಾ ರೈಫಲ್, ಮೂರು ಬಳೆಯ ಎನ್‌ಫೀಲ್ಡ್: ಇವುಗಳ ಕಥೆ?

ಎರಡೂ ಬೇರೆ ಬೇರೆ. ಪೆನ್ಸಿಲ್ವೇನಿಯಾ ರೈಫಲ್ಲಿನ ಎಂಟು ಮುಖದ ನಳಿಗೆ ದಪ್ಪ, ಮರ ತೆಳ್ಳಗೆ. ಅಲ್ಲಿ ಮರವೇ ನಳಿಗೆಗೆ ಜೋತುಬಿದ್ದಿರುತ್ತದೆ. ಬ್ರೀಚು ಸರಿಯಾಗಿ ಕೂತರೆ ಉಳಿದದ್ದು ತಾನಾಗಿ ಸುಧಾರಿಸುತ್ತದೆ. ಒಂದು ಎಚ್ಚರ ಮಾತ್ರ: ನಳಿಗೆಯನ್ನು ಮರಕ್ಕೆ ಹಿಡಿದಿಡುವ ಪಿನ್ನುಗಳ ತೂತು ನಳಿಗೆಯ ಕಡೆ ಉದ್ದುದ್ದವಾಗಿರಬೇಕು. ಒಂದು ಮೀಟರ್ ಉಕ್ಕು 40 ಡಿಗ್ರಿ ಬಿಸಿಯಾದರೆ ಸುಮಾರು ಅರ್ಧ ಮಿಲಿಮೀಟರ್ ಉದ್ದವಾಗುತ್ತದೆ, ಮರ ಅಷ್ಟು ಉದ್ದವಾಗುವುದಿಲ್ಲ. ಪಿನ್ನು ದುಂಡಗಿನ ತೂತಿನಲ್ಲಿ ಬಿಗಿದು ಕೂತಿದ್ದರೆ ನಳಿಗೆ ಬಾಗಲೇಬೇಕು. ಐದಾರು ಸುತ್ತು ಹೊಡೆಯುತ್ತ ಹೋದಂತೆ ಗುಂಡು ಒಂದೇ ದಿಕ್ಕಿಗೆ ನಡೆಯುತ್ತಿದ್ದರೆ ಕಾರಣ ಇದಿರಬಹುದು.

1853ರ ಎನ್‌ಫೀಲ್ಡಿನದು ತೆಳು ನಳಿಗೆ, ತುದಿವರೆಗೂ ಮರ, ಮೇಲೆ ಮೂರು ಬಳೆ. ಯುದ್ಧಕ್ಕೆ ಮಾಡಿದ್ದು, ಬಯೊನೆಟ್ ಚುಚ್ಚಲು ಗಟ್ಟಿ ಇರಬೇಕಿತ್ತು. ಬಳೆಯ ತಿರುಪನ್ನು ಒಂದು ಕಾಲು ಸುತ್ತು ಹೆಚ್ಚು ಬಿಗಿದರೆ ಗುಂಡು ಬೀಳುವ ಜಾಗವೇ ಬದಲಾಗಬಹುದು. ಬಳೆಗಳು ಜಾರದಷ್ಟು ಬಿಗಿಯಿದ್ದರೆ ಸಾಕು. ಒಮ್ಮೆ ಸರಿಯಾದ ಬಿಗಿ ಸಿಕ್ಕ ಮೇಲೆ ತಿರುಪಿನ ತಲೆಗೂ ಬಳೆಗೂ ಸೇರಿಸಿ ಒಂದು ಸಣ್ಣ ಗೆರೆ ಎಳೆದಿಡಿ.

ಹಳೆಯ ಪಕ್ಕದ ಲಾಕಿಗಿಂತ ಈಗಿನ ಇನ್‌ಲೈನ್ ನಿಜಕ್ಕೂ ಮೇಲೇ?

ಬೆಂಕಿಯ ವಿಷಯದಲ್ಲಿ ಹೌದು. ಚಕಮಕಿ ಲಾಕಿನಲ್ಲಿ ಕಲ್ಲು ಉಕ್ಕಿಗೆ ಬಡಿದು, ಕಿಡಿ ಬಟ್ಟಲಿನ ಮದ್ದಿಗೆ ಬಿದ್ದು, ಆ ಬೆಂಕಿ ಪಕ್ಕದ ತೂತಿನಿಂದ ಒಳಗೆ ಹೋಗಬೇಕು. ಒಳ್ಳೆಯ ಲಾಕಿಗೂ ಸೆಕೆಂಡಿನ ನೂರರಲ್ಲಿ ಐದಾರು ಭಾಗ ಬೇಕು. ಅಷ್ಟೂ ಹೊತ್ತು ಗುರಿ ಅಲುಗದೆ ಹಿಡಿಯಬೇಕು. ಚಕಮಕಿ ಹೊಡೆಯುವವರ ಕೈ ಅಷ್ಟು ಸ್ಥಿರವಾಗಿರುವುದು ಅದಕ್ಕೇ. ಕೇಪಿನ ಲಾಕು ಇದನ್ನು ಬಹಳ ಕಡಿಮೆ ಮಾಡಿತು, ಆದರೆ ಬೆಂಕಿ ಇನ್ನೂ ಒಂದು ಮೂಲೆ ತಿರುಗಿಯೇ ಹೋಗಬೇಕು, ಆ ಮೂಲೆಯಲ್ಲಿ ಕಿಟ್ಟ ಕಟ್ಟುತ್ತದೆ. ಇನ್‌ಲೈನಿನಲ್ಲಿ ಕೇಪು ಸೀದಾ ಮದ್ದಿನ ಬೆನ್ನಿಗೇ ಇರುತ್ತದೆ. ಅಮೆರಿಕದ ಮಿಸೌರಿಯ ಟೋನಿ ನೈಟ್ 1985ರಲ್ಲಿ ತಂದ ಎಂಕೆ-85 ಇದನ್ನು ಬೇಟೆಗಾರರ ನಡುವೆ ಹಬ್ಬಿಸಿತು. 1996ರಲ್ಲಿ ರೆಮಿಂಗ್ಟನ್ ತನ್ನ 700 ಬೋಲ್ಟ್ ಆ್ಯಕ್ಷನ್ನನ್ನೇ ಮಜಲ್‌ಲೋಡರಾಗಿ ತಂದಿತು.

ಆದರೆ ಬೆಂಕಿ ಜೋರಾದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ತಪ್ಪು. ಅನೇಕ ಇನ್‌ಲೈನುಗಳಲ್ಲಿ ಕೇಪಿನ ಬದಲು ಹಾಕುವ ಶಾಟ್‌ಗನ್ನಿನ 209 ಪ್ರೈಮರು ಎಷ್ಟು ಬಲವಾದದ್ದೆಂದರೆ ಮದ್ದು ಪೂರ್ತಿ ಹೊತ್ತುವ ಮೊದಲೇ ಗುಂಡನ್ನು ತುಸು ಮುಂದಕ್ಕೆ ತಳ್ಳಿಬಿಡಬಹುದು. ಆಗ ವೇಗ ಏರುಪೇರು, ಗುಂಡುಗಳು ಮೇಲೆ ಕೆಳಗೆ. ಮಜಲ್‌ಲೋಡರಿಗೆಂದೇ ಬಲ ತಗ್ಗಿಸಿದ 209 ಬಂದದ್ದಕ್ಕೆ ಇದೂ ಒಂದು ಕಾರಣ. ಬ್ರೀಚ್ ಪ್ಲಗ್ಗಿನ ಕಿಡಿತೂತು ಮುಕ್ಕಾಲು ಮಿಲಿಮೀಟರ್ ಆಸುಪಾಸಿನದು. ಬೆಂಕಿಗೆ ಸವೆದು ದೊಡ್ಡದಾದರೂ ಇದೇ ರೋಗ. ಮರವನ್ನು ಬಿಚ್ಚುವ ಮೊದಲು ಹೊಸ ಪ್ಲಗ್ ಹಾಕಿ ನೋಡುವುದು ಅಗ್ಗ.

ಬೋಲ್ಟ್ ಇನ್‌ಲೈನ್, ಮುರಿಯುವ ಇನ್‌ಲೈನ್: ಬೆಡ್ಡಿಂಗ್ ದೃಷ್ಟಿಯಿಂದ ಯಾವುದು ಸುಲಭ?

ಬೋಲ್ಟ್. ಮರ ಒಂದೇ ತುಂಡು, ಒದೆತ ತಡೆಯಲು ರಿಕಾಯಿಲ್ ಲಗ್, ಆ್ಯಕ್ಷನ್ ಸ್ಕ್ರೂಗಳ ಸುತ್ತ ಅಲ್ಯೂಮಿನಿಯಂ ಕಂಬ ಕೂರಿಸಿ ಎಪಾಕ್ಸಿ ಹಾಕಿ, ನಳಿಗೆಯನ್ನು ಮರಕ್ಕೆ ತಾಗದಂತೆ ಬಿಟ್ಟರೆ ಆಯಿತು. ಹತ್ತು ರೂಪಾಯಿ ನೋಟೊಂದು ನಳಿಗೆಗೂ ಮರಕ್ಕೂ ನಡುವೆ ಮೂತಿಯಿಂದ ಲಗ್ಗಿನವರೆಗೂ ಜಾರಿಹೋಗಬೇಕು.

ಮುರಿಯುವ ಆ್ಯಕ್ಷನ್ನಿನಲ್ಲಿ ಮರ ಎರಡು ತುಂಡು. ಹಿಂದಿನದು ಆ್ಯಕ್ಷನ್ನಿಗೆ, ಮುಂದಿನದು ನೇರವಾಗಿ ನಳಿಗೆಗೇ ಸ್ಕ್ರೂ. ನೀವು ಮುಂದಿನ ಮರವನ್ನು ಮರಳಿನ ಚೀಲದ ಮೇಲೆ ಇಟ್ಟರೆ ಆ ಒತ್ತಡವೆಲ್ಲ ನಳಿಗೆಗೆ. ಚೀಲದ ಮೇಲೆ ಒಂದು ಗುರಿ, ಕೈಯಲ್ಲಿ ಹಿಡಿದಾಗ ಇನ್ನೊಂದು ಗುರಿ ಬರುವುದು ಇದರಿಂದಲೇ. ಉಪಾಯ ಸರಳ: ಪ್ರತಿ ಸಲವೂ ಚೀಲವನ್ನು ಹಿಂಜಿನ ಸಮೀಪ, ಒಂದೇ ಜಾಗಕ್ಕೆ ಇಡಿ. ಹಿಂಜಿನ ಪಿನ್ನು ಸವೆದಿದ್ದರೆ ಮಾತ್ರ ಬೆಡ್ಡಿಂಗಿನಿಂದ ಏನೂ ಆಗದು.

ನಳಿಗೆಯ ಕೆಳಗೆ ಗಜ ಇದೆಯಲ್ಲ, ಅದರಿಂದ ಏನಾದರೂ?

ಬಹಳ ಜನ ಮರೆಯುವ ವಿಷಯ. ಮರದ ತೂತಿನಲ್ಲಿ ಬಿಗಿಯಾಗಿ ಕೂತ ಗಜ ನಳಿಗೆಯನ್ನೂ ಮರವನ್ನೂ ಕಟ್ಟಿಹಾಕುತ್ತದೆ. ತೇಲುವ ನಳಿಗೆಗೆ, ಅಂದರೆ ಮರಕ್ಕೆ ತಾಗದಂತೆ ಬಿಡಿಸಿದ ನಳಿಗೆಗೆ, ಕೊಟ್ಟ ದುಡ್ಡು ನೀರಿಗೆ. ಗಜ ತೆಗೆದು ಒಂದು ಗುಂಪು, ಇಟ್ಟು ಒಂದು ಗುಂಪು ಹೊಡೆದು ನೋಡಿ. ವ್ಯತ್ಯಾಸವಿದ್ದರೆ ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ.

ನಿಮ್ಮ ಪ್ರಕಾರ ಗುರಿಗೆ ಹೇಳಿಮಾಡಿಸಿದ ಹಳೇ ಆ್ಯಕ್ಷನ್ ಯಾವುದು?

ಅಂಡರ್‌ಹ್ಯಾಮರ್. ಕುದುರೆ ನಳಿಗೆಯ ಕೆಳಗೆ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ನ್ಯೂಯಾರ್ಕಿನ ರಾಚೆಸ್ಟರಿನ ಬಿಲಿಂಗ್‌ಹರ್ಸ್ಟ್, ವರ್ಮಾಂಟಿನ ಕೆಂಡಾಲ್ ಇದನ್ನು ಮಾಡುತ್ತಿದ್ದರು. ಬೆಂಕಿ ಮೂಲೆ ತಿರುಗದೆ ನೇರ ಮದ್ದಿಗೆ ಹೋಗುತ್ತದೆ. ಲಾಕು ಕೂರಿಸಲು ಮರದ ಪಕ್ಕೆ ಕೊರೆಯಬೇಕಿಲ್ಲ, ಹಾಗಾಗಿ ಅಲ್ಲಿ ಮರ ದುರ್ಬಲವಾಗದು. ನಳಿಗೆ ಆ್ಯಕ್ಷನ್ನಿಗೆ ತಿರುಪಿನಿಂದ ಬಿಗಿದಿರುತ್ತದೆ, ಅನೇಕ ಕೋವಿಗಳಲ್ಲಿ ಮುಂದೆ ಮರವೇ ಇರುವುದಿಲ್ಲ. ಬೆಡ್ಡಿಂಗ್ ಸಮಸ್ಯೆಯ ಬೇರನ್ನೇ ಕಿತ್ತಂತೆ! ಅದೇ ಕಾಲದಲ್ಲಿ ದೂರದರ್ಶಕ ತಯಾರಕ ಆಲ್ವನ್ ಕ್ಲಾರ್ಕ್ 1840ರಲ್ಲಿ ಸುಳ್ಳು ಮೂತಿಗೆ ಪೇಟೆಂಟ್ ಪಡೆದ. ನಳಿಗೆಯ ತುದಿಗೆ ಸಿಕ್ಕಿಸಿ, ಗುಂಡನ್ನು ಓರೆಯಾಗದಂತೆ ಒಳಗೆ ಇಳಿಸಿ, ಹೊಡೆಯುವ ಮೊದಲು ತೆಗೆದಿಡುವ ತುಂಡು ಅದು. ಗುಂಡು ಓರೆಯಾಗಿ ಒಳಹೋದರೆ ಎಂಥ ಬೆಡ್ಡಿಂಗೂ ಅದನ್ನು ನೇರ ಮಾಡದು ಎಂದು ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಮನೆಯ ನಾಡಕೋವಿಗೆ ಬೆಡ್ಡಿಂಗ್ ಮಾಡಿಸಿದರೆ ಕೈಲ್‌ಪೊಳ್ದಿಗೆ ತೆಂಗಿನಕಾಯಿ ಹೊಡೆಯಬಹುದೇ?

ಕೈಲ್‌ಪೊಳ್ದ್ ಕೊಡವರ ಆಯುಧಪೂಜೆಯ ಹಬ್ಬ. ಕೊಡಗಿನಿಂದ, ಮಲೆನಾಡಿನಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಲೈಸೆನ್ಸಿನಲ್ಲಿ ಎಸ್‌ಬಿಎಂಎಲ್ (ಸಿಂಗಲ್ ಬ್ಯಾರೆಲ್ ಮಜಲ್ ಲೋಡಿಂಗ್) ಎಂದು ಬರೆದಿರುವ ಒಂಟಿ ನಳಿಗೆಯ ಕೇಪಿನ ಕೋವಿಗಳಲ್ಲಿ ಬಹುತೇಕ ಎಲ್ಲದರ ನಳಿಗೆಯೂ ಒಳಗೆ ನುಣುಪು, ಗುಂಡನ್ನು ತಿರುಗಿಸುವ ಸುರುಳಿ ಗೀರು (ರೈಫ್ಲಿಂಗ್) ಇಲ್ಲ. ಗುಂಡು ತಿರುಗದೆ ಹೋಗುತ್ತದೆ. ಬೆಡ್ಡಿಂಗಿನಿಂದ ಸಿಗುವ ಲಾಭ ಆ ಚೆದುರಿನಲ್ಲಿ ಮುಳುಗಿಹೋಗುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ನಳಿಗೆಗೆ ಸರಿಹೊಂದುವ ಗುಂಡು, ಸುತ್ತ ಒಂದೇ ದಪ್ಪದ ಬಟ್ಟೆ, ಗಜ ಜಡಿಯುವ ಒಂದೇ ಬಿಗಿ. ಆದರೂ ಟ್ಯಾಂಗಿನ ಸ್ಕ್ರೂ ಸಡಿಲವಿದ್ದರೆ, ಮಳೆಗಾಲದಲ್ಲಿ ಮರ ಉಬ್ಬಿ ಲಾಕಿಗೆ ತಾಗುತ್ತಿದ್ದರೆ ಅದನ್ನು ಸರಿಪಡಿಸಲೇಬೇಕು. ಮರ ಎಳೆಯ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಜುಲೈ ತಿಂಗಳಲ್ಲಿ ಕುದುರೆ ಭಾರವಾಗಿ ಬೀಳುತ್ತಿದೆ ಅನ್ನಿಸಿದರೆ ಲಾಕು ಬಿಚ್ಚಿಸಿ, ಸ್ಪ್ರಿಂಗು ಎಲ್ಲಿ ಮರಕ್ಕೆ ಉಜ್ಜಿ ಹೊಳೆಯುತ್ತಿದೆ ಎಂದು ನೋಡಿಸಿ.

ನೋಡಿಸಿ ಅಂದದ್ದು ಬೇಕೆಂದೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಕೋವಿ ರಿಪೇರಿಗೂ ಲೈಸೆನ್ಸ್ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ವಂಶಪಾರಂಪರ್ಯ ಭೂಮಿ ಉಳ್ಳವರಿಗೂ) ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ವಿಸ್ತರಿಸಿದೆ. ಅದನ್ನೇ ರಿಪೇರಿಗೂ ಸಿಕ್ಕ ಪರವಾನಗಿ ಎಂದು ಓದಿಕೊಳ್ಳಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರವೇ ಹೋಗಿ.

ಹೊಗೆಯಿಲ್ಲದ ಮದ್ದು ಹಾಕಿದರೆ ಕಿಟ್ಟ ಕಡಿಮೆ, ಗುರಿ ಹೆಚ್ಚು ಅಂತಾರಲ್ಲ?

ಬೇಡ. ಸ್ಯಾವೇಜ್ 10ಎಂಎಲ್‌ನಂತೆ ಅದಕ್ಕೆಂದೇ ಮಾಡಿದ ಬೆರಳೆಣಿಕೆಯ ಕೋವಿಗಳನ್ನು ಬಿಟ್ಟರೆ ಬೇರೆ ಯಾವುದರಲ್ಲಿ ಹಾಕಿದರೂ ನಳಿಗೆ ಸಿಡಿಯುತ್ತದೆ.

ಬೆಡ್ಡಿಂಗ್ ಮಾಡಿಸಿದೆ, ಗುಂಪು ಚಿಕ್ಕದಾಗಲಿಲ್ಲ. ದುಡ್ಡು ದಂಡವೇ?

ಗುಂಪಿನ ಆಕಾರ ನೋಡಿ ಹೇಳಬೇಕು. ಗುಂಡುಗಳು ಮೇಲೆ ಕೆಳಗೆ ಸಾಲಾಗಿ ಬಿದ್ದಿದ್ದರೆ ಮೊದಲು ಬೆಂಕಿ ಮತ್ತು ಮದ್ದು ಜಡಿದ ಬಿಗಿ ನೋಡಿ. ಬಿಸಿಯೇರಿದಂತೆ ಒಂದೇ ಕಡೆ ನಡೆದರೆ ಬೆಣೆ, ಬಳೆ, ಪಿನ್ನು. ಎರಡು ಗುಂಪಾದರೆ ಕೊಕ್ಕೆ ಅಥವಾ ಟ್ಯಾಂಗ್. ಎಲ್ಲ ದಿಕ್ಕಿಗೂ ಚೆದುರಿದ್ದರೆ ಬಹುಶಃ ನಳಿಗೆಗೂ ಗುಂಡಿಗೂ ಹೊಂದಿಕೆಯಿಲ್ಲ. ನಿಧಾನ ತಿರುಚಿನ ನಳಿಗೆಗೆ, ಅಂದರೆ ಒಳಗಿನ ಸುರುಳಿ ಗೀರು 66 ಇಂಚಿಗೆ ಒಂದು ಸುತ್ತು ಬರುವಂಥದಕ್ಕೆ, ಬಟ್ಟೆ ಸುತ್ತಿದ ದುಂಡು ಗುಂಡು ಬೇಕು; 28 ಇಂಚಿನದಕ್ಕೆ ಉದ್ದ ಗುಂಡು. ಇದನ್ನು ಅದಲುಬದಲು ಮಾಡಿ ಮರವನ್ನು ಬೈಯ್ಯುವವರೇ ಜಾಸ್ತಿ.

ಇನ್ನೊಂದು ಸಂಗತಿ. 1860ರ ಜುಲೈ 2ರಂದು ವಿಂಬಲ್ಡನ್ನಿನಲ್ಲಿ ವಿಕ್ಟೋರಿಯಾ ರಾಣಿ 400 ಗಜ ದೂರದ ಗುರಿಯ ನಡುಮಧ್ಯಕ್ಕೆ ಬಹಳ ಹತ್ತಿರ ಹೊಡೆದಳು. ಆ ವಿಟ್‌ವರ್ತ್ ರೈಫಲ್ ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದಿತ್ತು, ರಾಣಿ ಎಳೆದದ್ದು ಟ್ರಿಗರಿಗೆ ಕಟ್ಟಿದ ರೇಷ್ಮೆ ದಾರ. ನಿಮ್ಮ ಕೋವಿ ಹಾಗೆ ಬಿಗಿದಿಲ್ಲ. ಬೆಡ್ಡಿಂಗ್ ಆದ ಮೇಲೂ ಭುಜಕ್ಕೆ ಒತ್ತುವ ಬಿಗಿ, ಕೆನ್ನೆ ತಾಗುವ ಜಾಗ ಬದಲಾಗುತ್ತಿದ್ದರೆ ಗುಂಪು ಬಿಚ್ಚಿಕೊಳ್ಳುತ್ತದೆ.

ಬೆಡ್ಡಿಂಗ್ ಆದ ಮೇಲೆ ಗುಂಡು ಬೇರೆ ಕಡೆ ಬೀಳುತ್ತಿದೆ. ಕೆಲಸ ಕೆಟ್ಟಿತೇ?

ಕೆಟ್ಟಿಲ್ಲ. ಬಗ್ಗಿ ಕೂತಿದ್ದ ನಳಿಗೆ ಈಗ ನೇರ ಕೂತಿದೆ, ಜಾಗ ಬದಲಾಗಲೇಬೇಕು. ಸೈಟು ಹೊಸದಾಗಿ ಹೊಂದಿಸಿಕೊಳ್ಳಿ. ಅದಕ್ಕೂ ಮೊದಲು ನಳಿಗೆ ಪೂರ್ತಿ ತೊಳೆದು, ಒಣಗಿಸಿ, ಒಂದೆರಡು ಗುಂಡು ಹೊಡೆದು ಮಸಿ ಹಿಡಿಸಿ. ತೊಳೆದ ನಳಿಗೆಯ ಮೊದಲ ಗುಂಡು ಹಲವು ಕೋವಿಗಳಲ್ಲಿ ಬೇರೆಯೇ ಕಡೆ ಹೋಗುತ್ತದೆ. ಆಮೇಲೆ ಪ್ರತಿ ಗುಂಡಿನ ನಡುವೆ ಒದ್ದೆ ಬಟ್ಟೆ ಒಂದು ಸಲ, ಒಣ ಬಟ್ಟೆ ಒಂದು ಸಲ ಹಾಯಿಸಿ ಸೈಟು ಸರಿಮಾಡಿ. ಸ್ಕ್ರೂಗಳ ಬಿಗಿಗೆ ಗೆರೆ ಎಳೆದಿಟ್ಟು, ಮುಂದಿನ ಮಳೆಗಾಲ ಕಳೆದ ಮೇಲೆ ಆ ಗೆರೆಗಳು ಸರಿದಿವೆಯೇ ಎಂದು ಒಮ್ಮೆ ನೋಡಿ.